ಅರವತ್ತೆಂಟು ವರ್ಷಕ್ಕೆ ತುಂಬುವ ಗಡಿಯಾರ

೨೦೩೮ನೆಯ ಇಸವಿ, ಜನವರಿ ೧೯ನೆಯ ತಾರೀಖು, ಮಂಗಳವಾರ. ಆ ದಿನ ಬೆಳಿಗ್ಗೆ ನಮ್ಮ ದೇಶದ ಗಡಿಯಾರಗಳಲ್ಲಿ ೮ ಗಂಟೆ ೪೪ ನಿಮಿಷ ೭ ಸೆಕೆಂಡು ಆದ ಮರುಕ್ಷಣದಲ್ಲಿ, ಒಂದು ಬಗೆಯ ಕಂಪ್ಯೂಟರುಗಳು, ಅಷ್ಟರೊಳಗೆ ತಿದ್ದುಪಡಿಯಾಗದೆ ಉಳಿದಿದ್ದರೆ, ಕಾಲವು ೧೯೦೧ನೆಯ ಇಸವಿಗೆ ಹಿಂದಿರುಗಿತೆಂದು ತಿಳಿದುಕೊಳ್ಳುತ್ತವೆ. ಇದು ಫಲಜ್ಯೋತಿಷದ ಮಾತಲ್ಲ. ಬರಿಯ ಕೂಡುವ ಲೆಕ್ಕ. ಕಂಪ್ಯೂಟರು ನಮ್ಮ ಮನೆಯಲ್ಲಿಲ್ಲ, ನಮಗೇನು ಎನ್ನುವವರೂ ಇರಬಹುದು. ಆದರೆ ಗೋಡೆಯ ಮೇಲೆ ದೀಪ ಮಿನುಗಿಸುತ್ತಿರುವ ಇಂಟರ್‌ನೆಟ್ಟಿನ ಪೆಟ್ಟಿಗೆ, ಟೆಲಿವಿಷನ್ನಿನ ಕೆಳಗಿರುವ ಇನ್ನೊಂದು ಪೆಟ್ಟಿಗೆ, ಬಾಗಿಲಿನ ಮೇಲಣ ಕಾವಲು ಕ್ಯಾಮರಾ, ಇವುಗಳೊಳಗೆಲ್ಲ ಇರುವುದು ಒಂದೊಂದು ಪುಟ್ಟ ಕಂಪ್ಯೂಟರೇ. ಮಾತು ಹೆಚ್ಚಾಗಿ ಅಂಥವುಗಳದು.

ಯಂತ್ರವು ಕಾಲವನ್ನು ಎಣಿಸುವ ರೀತಿಯನ್ನು ಮೊದಲು ನೋಡೋಣ. ಅದಕ್ಕೆ ವಾರ, ತಿಂಗಳು, ವರ್ಷ ಯಾವುದೂ ಬೇಕಿಲ್ಲ. ಗ್ರೀನಿಚ್ಚಿನ ಲೆಕ್ಕದಲ್ಲಿ ೧೯೭೦ರ ಜನವರಿ ೧ರ ನಡುರಾತ್ರಿಯನ್ನು ಸೊನ್ನೆಯೆಂದು ಹಿಡಿದು, ಅಲ್ಲಿಂದ ಈಚೆಗೆ ಎಷ್ಟು ಸೆಕೆಂಡು ಕಳೆಯಿತೆಂಬ ಒಂದೇ ಒಂದು ಸಂಖ್ಯೆಯನ್ನು ಅದು ಇಟ್ಟುಕೊಂಡಿರುತ್ತದೆ. ತಾರೀಖು ಬೇಕೆಂದವರಿಗೆ ಆ ಸಂಖ್ಯೆಯಿಂದ ಭಾಗಾಕಾರ ಮಾಡಿ ಹೇಳುತ್ತದೆ. ನಮ್ಮ ಪಂಚಾಂಗಕರ್ತರಿಗೆ ಇದು ಹೊಸತಲ್ಲ. ಕಲಿಯುಗದ ಆರಂಭದಿಂದ ಇಂದಿನವರೆಗಿನ ದಿನಗಳ ಮೊತ್ತವನ್ನು ‘ಅಹರ್ಗಣ’ ಎಂದು ಕರೆದು, ಗ್ರಹಗತಿಯನ್ನೆಲ್ಲ ಅದರಿಂದಲೇ ಸಾಧಿಸುತ್ತಿದ್ದರು. ಅಹರ್ಗಣವು ದೊಡ್ಡದಾಗಿ ಗುಣಾಕಾರ ಕಷ್ಟವಾದಾಗ ಕರಣಗ್ರಂಥಗಳನ್ನು ಬರೆದವರು ಸಮೀಪದ ಒಂದು ದಿನವನ್ನೇ ಆರಂಭವೆಂದು ಇಟ್ಟುಕೊಂಡರು. ಗಣೇಶದೈವಜ್ಞನ ಗ್ರಹಲಾಘವವು ಶಕವರ್ಷ ೧೪೪೨, ಅಂದರೆ ಕ್ರಿಸ್ತಶಕ ೧೫೨೦ರಿಂದ ಎಣಿಸಿ, ಹನ್ನೊಂದು ವರ್ಷಕ್ಕೊಂದು ಚಕ್ರವೆಂದು ತುಂಡುಮಾಡಿಕೊಂಡಿದೆ. ಸಂಖ್ಯೆ ಚಿಕ್ಕದಿರಲಿ ಎಂಬ ಆಸೆ ಆ ಗಣಿತಜ್ಞರಿಗೂ ಇತ್ತು, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ‘ಯೂನಿಕ್ಸ್’ ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟಿದವರಿಗೂ ಇತ್ತು.

ಆಸೆ ಎನ್ನುವುದಕ್ಕಿಂತ ಬಡತನ ಎನ್ನಬೇಕು. ಆಗಿನ ಯಂತ್ರಗಳಲ್ಲಿ ನೆನಪಿನ ಜಾಗ ಚಿನ್ನದ ಬೆಲೆಯದು. ಕಾಲಕ್ಕೆಂದು ಅವರು ಕೊಟ್ಟದ್ದು ೩೨ ಮನೆಗಳನ್ನು. ಒಂದೊಂದು ಮನೆಯಲ್ಲಿ ಸೊನ್ನೆ ಅಥವಾ ಒಂದು, ಅಷ್ಟೆ. ಈ ಮನೆಗೆ ‘ಬಿಟ್’ ಎಂದು ಹೆಸರು. ೧೯೭೧ರಲ್ಲಿ ಹೊರಟ ಯೂನಿಕ್ಸ್‌ನ ಮೊದಲ ಕೈಪಿಡಿಯ ಪ್ರಕಾರ ಎಣಿಕೆ ನಡೆಯುತ್ತಿದ್ದುದು ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ. ಹಾಗೆ ಎಣಿಸಿದರೆ ೩೨ ಮನೆಗಳೂ ತುಂಬಿಹೋಗಲು ಎರಡೂಕಾಲು ವರ್ಷ ಸಾಕು! ಅದು ನಡೆಯದೆಂದು ಕಂಡು, ಪೂರ್ಣ ಸೆಕೆಂಡಿನ ಎಣಿಕೆಗೆ ಬಂದರು. ಮನೆಗಳಲ್ಲಿ ಒಂದು, ಸಂಖ್ಯೆ ಧನವೋ ಋಣವೋ ಎಂಬ ಚಿಹ್ನೆಗೆ ಹೋಯಿತು. ಉಳಿದ ೩೧ರಲ್ಲಿ ಹಿಡಿಯುವ ಅತ್ಯಂತ ದೊಡ್ಡ ಸಂಖ್ಯೆ ೨೧೪ ಕೋಟಿ ೭೪ ಲಕ್ಷ ೮೩ ಸಾವಿರದ ೬೪೭. ಅಷ್ಟು ಸೆಕೆಂಡೆಂದರೆ ೬೮ ವರ್ಷ, ಮೇಲೆ ಕೆಲವು ದಿನ. ೧೯೭೦ಕ್ಕೆ ೬೮ ಕೂಡಿಸಿದರೆ ೨೦೩೮.

ಆಮೇಲೆ ಏನಾಗುತ್ತದೆ? ಮನೆಯ ವಿದ್ಯುತ್ ಮೀಟರಿನಲ್ಲಿ ಒಂಬತ್ತುಗಳೆಲ್ಲ ಸಾಲಾಗಿ ನಿಂತ ಮೇಲೆ ಇನ್ನೊಂದು ಯೂನಿಟ್ ಉರಿದರೆ ಸೊನ್ನೆಗಳ ಸಾಲು ಬರುತ್ತದಷ್ಟೆ. ಇಲ್ಲಿ ಸೊನ್ನೆಗೂ ಬರುವುದಿಲ್ಲ. ದಶಕವು ಕೈಮೀರಿ ಚಿಹ್ನೆಯ ಮನೆಗೆ ನುಗ್ಗುವುದರಿಂದ ಸಂಖ್ಯೆಯು ಒಮ್ಮೆಲೆ ಅತ್ಯಂತ ದೊಡ್ಡ ಋಣಸಂಖ್ಯೆಯಾಗುತ್ತದೆ. ೧೯೭೦ರಿಂದ ೬೮ ವರ್ಷ ಹಿಂದಕ್ಕೆ; ಸರಿಯಾಗಿ ಹೇಳುವುದಾದರೆ ೧೯೦೧ರ ಡಿಸೆಂಬರ್ ೧೩, ಗ್ರೀನಿಚ್ಚಿನಲ್ಲಿ ರಾತ್ರಿ ೮ ಗಂಟೆ ೪೫ ನಿಮಿಷ ೫೨ ಸೆಕೆಂಡು. ನಮ್ಮ ಅರವತ್ತು ಸಂವತ್ಸರಗಳೂ ಸುತ್ತುತ್ತವೆ. ೧೯೬೧ರ ಯುಗಾದಿಗೆ ಬಂದ ಪ್ಲವ ಸಂವತ್ಸರವೇ ೨೦೨೧ರ ಯುಗಾದಿಗೆ ಮತ್ತೆ ಬಂದಿತು. ಆದರೆ ನಮ್ಮ ಶಾಸನಗಳನ್ನು ಬರೆಸಿದವರು ಸಂವತ್ಸರದ ಹೆಸರಿನ ಜೊತೆಗೆ ಶಕವರ್ಷದ ಸಂಖ್ಯೆಯನ್ನೂ ಸಾಮಾನ್ಯವಾಗಿ ಕೆತ್ತಿಸುತ್ತಿದ್ದುದರಿಂದ ಯಾವ ಸುತ್ತಿನ ಪ್ಲವವೆಂಬ ಸಂಶಯ ಉಳಿಯುತ್ತಿರಲಿಲ್ಲ. ಯಂತ್ರದ ೩೨ ಮನೆಗಳಲ್ಲಿ ಇದು ಎಷ್ಟನೆಯ ಸುತ್ತೆಂದು ಹೇಳುವ ಶಕವರ್ಷವಿಲ್ಲ.

ಪರಿಹಾರವೂ ಸುಲಭವಾಗಿಯೇ ತೋರುತ್ತದೆ: ೩೨ ಮನೆಗಳ ಬದಲು ೬೪ ಮನೆಗಳನ್ನು ಕೊಟ್ಟುಬಿಡುವುದು. ಹಾಗೆ ಕೊಟ್ಟರೆ ಎಣಿಕೆ ತುಂಬಲು ಸುಮಾರು ೨೯,೨೦೦ ಕೋಟಿ ವರ್ಷ ಬೇಕು. ಬ್ರಹ್ಮನ ಒಂದು ಹಗಲಾದ ಕಲ್ಪಕ್ಕೆ ನಮ್ಮವರು ಹೇಳುವುದು ೪೩೨ ಕೋಟಿ ವರ್ಷ. ಅಂಥ ೬೭ ಕಲ್ಪಗಳು ಅದರಲ್ಲಿ ಅಡಗುತ್ತವೆ. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರುಗಳು ಬಹುಮಟ್ಟಿಗೆ ಆಗಲೇ ಈ ಅಳತೆಗೆ ಬಂದಿವೆ. ತೊಡಕಿರುವುದು ೩೨ ಬಿಟ್‌ಗಳ ಸಣ್ಣ ಯಂತ್ರಗಳಲ್ಲಿ. ಅಲ್ಲಿ ಅಗಲಿಸುವುದು ಗೋಡೆಯೊಡೆದು ಕೋಣೆ ದೊಡ್ಡದು ಮಾಡಿದಷ್ಟು ಸುಲಭವಲ್ಲ. ಏಕೆಂದರೆ ಆ ಗೋಡೆಯ ಆಚೆ ಬೇರೊಬ್ಬರ ಸಂಸಾರವಿದೆ. ಇದನ್ನು ತಿಳಿಯಲು ಯಂತ್ರಗಳು ಒಂದಕ್ಕೊಂದು ಮಾತನಾಡುವ ಒಂದು ಕಂಡಿಯನ್ನು ಮಾತ್ರ ತೆಗೆದುಕೊಂಡು ನೋಡಿದರೆ ಸಾಕು.

ಆ ಕಂಡಿಯ ಹೆಸರು ‘ಸಾಕೆಟ್’. ರೇಡಿಯೋವನ್ನು ಸಿಕ್ಕಿಸುವ ಗೋಡೆಯ ಸಾಕೆಟ್ಟಿನಂತೆಯೇ ಇದೂ. ಪ್ರೋಗ್ರಾಮು ಇದಕ್ಕೆ ತಗುಲಿಕೊಂಡಿತೆಂದರೆ ಆಚೆಯಿಂದ ವಿದ್ಯುತ್ತಿನ ಬದಲು ಮಾತು ಹರಿಯುತ್ತದೆ. ೧೯೮೩ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾಲಯದಿಂದ ಹೊರಬಂದ ಯೂನಿಕ್ಸ್‌ನಿಂದ ಇದು ಪ್ರಚಾರಕ್ಕೆ ಬಂದಿತು. ಪ್ರೋಗ್ರಾಮು ಈ ಕಂಡಿಯ ಮುಂದೆ ಕುಳಿತು, “ಆ ಕಡೆಯಿಂದ ಉತ್ತರ ಬರುತ್ತದೆ, ಕಾಯುತ್ತೇನೆ” ಎನ್ನುತ್ತದೆ. ಉತ್ತರ ಬಾರದೆಯೇ ಹೋದರೆ? ತಂತಿ ಕಡಿದಿರಬಹುದು, ಆಚೆಯ ಯಂತ್ರ ಕೆಟ್ಟಿರಬಹುದು. ಆದಕಾರಣ ಮೊದಲೇ ಒಂದು ಗಡುವು ಹಾಕುವ ಏರ್ಪಾಡುಂಟು: “ಮೂವತ್ತು ಸೆಕೆಂಡು ನೋಡು, ಬಾರದಿದ್ದರೆ ನನ್ನನ್ನು ಎಬ್ಬಿಸು.” ಗಡುವನ್ನು ಎರಡು ಸಂಖ್ಯೆಗಳ ಜೋಡಿಯಾಗಿ ಬರೆದುಕೊಡಬೇಕು: ಮೊದಲನೆಯದು ಸೆಕೆಂಡು, ಎರಡನೆಯದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಗಳು. ಎರಡೂ ಸೊನ್ನೆಯಾಗಿದ್ದರೆ “ಗಡುವಿಲ್ಲ, ಎಷ್ಟು ಹೊತ್ತಾದರೂ ಕಾಯಿ” ಎಂದು ಅರ್ಥ. ಈ ಕೊನೆಯ ನಿಯಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಜಾಣರಾದ ವಾಚಕರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಮೂವತ್ತು ಸೆಕೆಂಡೆಂಬುದು ಚಿಕ್ಕ ಸಂಖ್ಯೆ; ೨೦೩೮ ಬಂದರೂ ಅದು ಮೂವತ್ತೇ. ಅದಕ್ಕೇಕೆ ೬೪ ಮನೆ? ಪ್ರಶ್ನೆ ನ್ಯಾಯವಾದದ್ದು. ಕಾಲದಲ್ಲಿ ಎರಡು ಬಗೆ: ಇಷ್ಟು ಹೊತ್ತು ಎಂಬ ಅವಧಿ, ಇಂಥ ಹೊತ್ತಿಗೆ ಎಂಬ ಮುಹೂರ್ತ. ಎಣಿಕೆ ತುಂಬಿ ಹಾಳಾಗುವುದು ಮುಹೂರ್ತವೇ ಹೊರತು ಅವಧಿಯಲ್ಲ. ಆದರೆ ಅವಧಿಯನ್ನು ಈಗಿನ ಹೊತ್ತಿಗೆ ಕೂಡಿಸಿದೊಡನೆ ಅದೂ ಮುಹೂರ್ತವಾಗಿಬಿಡುತ್ತದೆ. ಇದಕ್ಕೆ ೨೦೦೬ರಲ್ಲಿಯೇ ಒಂದು ಉದಾಹರಣೆ ನಡೆದುಹೋಗಿದೆ. ‘ಎಒಎಲ್‌ಸರ್ವರ್’ ಎಂಬ ಅಮೆರಿಕದ ಒಂದು ಪ್ರೋಗ್ರಾಮಿನಲ್ಲಿ, ಎಂದೂ ಮುಗಿಯದ ಗಡುವು ಬೇಕೆಂದಾಗ ೧೦೦ ಕೋಟಿ ಸೆಕೆಂಡೆಂದು ಬರೆಯುವ ಪದ್ಧತಿಯಿತ್ತು. ಸುಮಾರು ೩೧ ವರ್ಷ ೮ ತಿಂಗಳು. ಯಾರು ಅಷ್ಟು ಕಾಯುತ್ತಾರೆ ಎಂಬ ಧೈರ್ಯ. ಆ ವರ್ಷ ಮೇ ೧೩ರಂದು, ಗ್ರೀನಿಚ್ಚಿನ ಲೆಕ್ಕದಲ್ಲಿ ರಾತ್ರಿ ೧ ಗಂಟೆ ೨೭ ನಿಮಿಷ ೨೮ ಸೆಕೆಂಡಿಗೆ, ಅಂದಿನ ಹೊತ್ತಿಗೆ ೧೦೦ ಕೋಟಿ ಕೂಡಿಸಿದ ಮೊತ್ತವು ೨೦೩೮ರ ಗಡಿಯನ್ನು ದಾಟಿತು. ಎಂದೂ ಮುಗಿಯಬಾರದ ಗಡುವು ಹಿಂದೆಯೇ ಮುಗಿದಿತ್ತೆಂದು ಲೆಕ್ಕ ಬಂದು ಪ್ರೋಗ್ರಾಮು ಕುಸಿಯಿತು. ಮತ್ತೆ ಎಬ್ಬಿಸಿದರೆ ಮತ್ತೆ ಕುಸಿಯಿತು. ೨೦೩೮ರ ಕಂಟಕವು ೩೨ ವರ್ಷ ಮೊದಲೇ ಬಂದು ಬಾಗಿಲು ತಟ್ಟಿದ್ದು ಹೀಗೆ. ೨೦ ವರ್ಷದ ಗೃಹಸಾಲದ ಕಂತುಗಳನ್ನು ೩೨ ಮನೆಗಳ ಲೆಕ್ಕದಲ್ಲಿ ಇಂದು ಯಾವ ಯಂತ್ರವಾದರೂ ಗುಣಿಸಿದರೆ ಅದಕ್ಕೂ ಇದೇ ಗತಿ.

ಅವಧಿಯನ್ನೂ ಅಗಲಿಸಬೇಕಾದುದಕ್ಕೆ ಇನ್ನೊಂದು ಕಾರಣವಿದೆ, ಅದೇ ಮುಖ್ಯವಾದದ್ದು. ಅವಧಿಗೂ ಮುಹೂರ್ತಕ್ಕೂ ಯಂತ್ರದಲ್ಲಿ ಬಳಕೆಯಾಗುವ ಅಚ್ಚು ಒಂದೇ. ‘ಕಾಲ’ ಎಂಬ ಶಬ್ದದ ಅಳತೆಯನ್ನು ಒಂದು ಕಡೆ ಬದಲಾಯಿಸಿದರೆ ಆ ಅಚ್ಚನ್ನು ಬಳಸುವ ಎಲ್ಲ ಕಡೆಯೂ ಬದಲಾಗುತ್ತದೆ. ಹಳೆಯ ಜೋಡಿಯಲ್ಲಿ ಎರಡು ಸಂಖ್ಯೆಗಳಿಗೂ ೩೨, ೩೨ ಮನೆ; ಹೊಸದರಲ್ಲಿ ೬೪, ೬೪. ಈಗ ಪ್ರೋಗ್ರಾಮು ಹೊಸ ಅಚ್ಚಿನಲ್ಲಿ ಬರೆದು, ಓದುವವನು ಹಳೆಯ ಅಚ್ಚಿನಲ್ಲಿ ಓದಿದನೆನ್ನಿ. ಇಂಟೆಲ್ ಮೊದಲಾದ ಯಂತ್ರಗಳು, ನಮ್ಮ ಭೂತಸಂಖ್ಯೆಯಲ್ಲಿ ಬಿಡಿಯ ಸ್ಥಾನವನ್ನು ಮೊದಲು ಹೇಳುವಂತೆ, ಸಂಖ್ಯೆಯ ಕೆಳಭಾಗವನ್ನು ಮೊದಲು ಬರೆಯುತ್ತವೆ. ಮೂವತ್ತು ಸೆಕೆಂಡಿನ ಗಡುವಾದರೆ ಓದುವವನಿಗೆ ಮೊದಲು ಮೂವತ್ತು ಸಿಕ್ಕುತ್ತದೆ, ಆಮೇಲೆ ಅದೇ ಸಂಖ್ಯೆಯ ಮೇಲ್ಭಾಗದ ಸೊನ್ನೆ. ಅದನ್ನವನು ಸೂಕ್ಷ್ಮಭಾಗವೆಂದು ತಿಳಿಯುತ್ತಾನೆ. ದೈವಕೃಪೆಯಿಂದ ಅರ್ಥ ಕೆಡಲಿಲ್ಲ. ಇನ್ನು ಅರ್ಧ ಸೆಕೆಂಡಿನ ಗಡುವನ್ನು ನೋಡಿ. ಸೆಕೆಂಡಿನ ೬೪ ಮನೆಗಳಲ್ಲಿಯೂ ಸೊನ್ನೆ. ಐದು ಲಕ್ಷವೆಂಬ ಸೂಕ್ಷ್ಮಭಾಗವಿರುವುದು ಅದರಾಚೆ. ಹಳೆಯ ಅಚ್ಚಿನವನು ಮೊದಲ ೬೪ ಮನೆಗಳನ್ನೇ ಎರಡಾಗಿ ಸೀಳಿ ಸೊನ್ನೆ, ಸೊನ್ನೆ ಎಂದು ಓದುತ್ತಾನೆ. ಸೊನ್ನೆ ಸೊನ್ನೆ ಎಂದರೆ ಗಡುವಿಲ್ಲ! ಅರ್ಧ ಸೆಕೆಂಡು ಕಾಯಬೇಕಾದ ಪ್ರೋಗ್ರಾಮು ಕಲ್ಪಾಂತದವರೆಗೂ ಕಾದು ಕೂರುತ್ತದೆ. ಯಾವ ದೂರೂ ಇಲ್ಲ, ಯಾವ ಎಚ್ಚರಿಕೆಯೂ ಇಲ್ಲ. ಇಂಥ ತಪ್ಪು ಹಿಡಿಯುವುದು ಕಾಗುಣಿತದ ತಪ್ಪು ಹಿಡಿದಂತಲ್ಲ. ಕಾಗುಣಿತ ಸರಿಯಾಗಿದ್ದು ಅನ್ವಯ ತಪ್ಪಿದ ವಾಕ್ಯವನ್ನು ಹಿಡಿದಂತೆ.

ಬರೆಯುವವನೂ ಓದುವವನೂ ಯಾರೆಂದು ಹೇಳಬೇಕಷ್ಟೆ. ಓದುವವನು ಕಾರ್ಯವ್ಯವಸ್ಥೆಯ ‘ಕರ್ನೆಲ್’, ಎಂದರೆ ತಿರುಳು, ಹೆಸರು ಒಪ್ಪುವಂತಿದೆ. ಮನೆಯ ಪೆಟ್ಟಿಗೆಗಳಲ್ಲಿ ಬಹಳವಾಗಿ ಇರುವುದು ‘ಲಿನಕ್ಸ್’ ಎಂಬ ತಿರುಳು. ಬರೆಯುವವನು ಪ್ರೋಗ್ರಾಮು. ಇವರಿಬ್ಬರ ನಡುವೆ ದುಭಾಷಿಯಾಗಿ ‘ಲೈಬ್ರರಿ’ ಎಂಬುದೊಂದಿದೆ. ಹೆಸರು ಗ್ರಂಥಾಲಯವಾದರೂ ಕೆಲಸ ದಲ್ಲಾಳಿಯದು. ಪ್ರೋಗ್ರಾಮುಗಳ ಕೋರಿಕೆಯನ್ನು ತಿರುಳಿಗೆ ಒಪ್ಪಿಸಿ ಉತ್ತರ ತರುವುದು ಅದರ ಕಸುಬು. ಲಿನಕ್ಸ್‌ನಲ್ಲಿ ‘ಜಿಲಿಬ್‌ಸಿ’ ಎಂಬ ಲೈಬ್ರರಿ ಹೆಚ್ಚು ಬಳಕೆಯದು. ‘ಮಸಲ್’ ಎಂಬ ಚಿಕ್ಕದೊಂದು ಪುಟ್ಟ ಯಂತ್ರಗಳಲ್ಲಿ ಉಂಟು.

ತಿರುಳಿನಲ್ಲಿ ಈ ಕೆಲಸ ಹಲವು ವರ್ಷ ನಡೆಯಿತು. ಆರ್ಂಡ್ ಬರ್ಗ್‌ಮನ್ ಅವರೂ ದೀಪಾ ದಿನಮಣಿ ಅವರೂ ಅದರಲ್ಲಿ ಮುಂದಾಗಿ ದುಡಿದವರು. ೨೦೧೯ರ ಮೇ ತಿಂಗಳಲ್ಲಿ ಹೊರಬಂದ ಲಿನಕ್ಸ್ ೫.೧ರಲ್ಲಿ ಅವರು ಹಳೆಯ ಕಂಡಿಯನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಕಂಡಿಗಳನ್ನು ಕೊರೆದರು. ಪ್ರತಿಯೊಂದು ಆಯ್ಕೆಗೂ ತಿರುಳಿನಲ್ಲಿ ಒಂದು ಸಂಖ್ಯೆಯುಂಟು. ಇಂಟೆಲ್, ಎಆರ್‌ಎಂ ಯಂತ್ರಗಳಲ್ಲಿ ಪತ್ರ ಬರುವುದಕ್ಕೆ ಗಡುವು ಹಾಕುವ ಹಳೆಯ ಆಯ್ಕೆ ೨೦, ಕಳಿಸುವುದಕ್ಕೆ ೨೧. ಹೊಸ ಅಚ್ಚಿನ ಗಡುವಿಗೆ ೬೬, ೬೭ ಎಂಬ ಬೇರೆ ಸಂಖ್ಯೆಗಳನ್ನು ಕೊಟ್ಟರು. ಪ್ರೋಗ್ರಾಮು ಬರೆಯುವವರಿಗೆ ಮಾತ್ರ ಹೆಸರು ಒಂದೇ. ಕಾಲದ ಅಳತೆ ಹಳೆಯದಾಗಿದ್ದರೆ ಆ ಹೆಸರು ೨೦ ಎಂದಾಗುತ್ತದೆ, ಹೊಸದಾಗಿದ್ದರೆ ೬೬ ಎಂದು. ಅಲಂಕಾರಶಾಸ್ತ್ರ ಓದಿದವರಿಗೆ ‘ಸೈಂಧವ’ದ ನೆನಪಾಗದೆ ಇರದು. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪು. ಪ್ರಯಾಣಕ್ಕೆ ಹೊರಟವನು ಎಂದರೆ ಕುದುರೆ. ಶಬ್ದ ಒಂದೇ, ಪ್ರಕರಣದಿಂದ ಅರ್ಥನಿರ್ಣಯ.

ಇಷ್ಟಾದರೂ ದಲ್ಲಾಳಿಯ ಕಷ್ಟ ತೀರಲಿಲ್ಲ. ಹೊಸ ಲೈಬ್ರರಿಯ ಕೆಳಗೆ ಹಳೆಯ ತಿರುಳು ಇರಬಹುದು. ಅದಕ್ಕೆ ೬೬ ಎಂದರೆ ಏನೆಂದೇ ತಿಳಿಯದು. ಜಿಲಿಬ್‌ಸಿ ಇದಕ್ಕೆ ಹೂಡಿದ ಉಪಾಯ ನನಗೆ ಮೆಚ್ಚಿಗೆಯಾಯಿತು. ಮೊದಲು ೬೬ ಎಂದೇ ಕೇಳುತ್ತದೆ. “ಅಂಥ ಆಯ್ಕೆ ನನ್ನಲ್ಲಿಲ್ಲ” ಎಂದು ತಿರುಳು ಹೇಳಿದರೆ, ದೊಡ್ಡ ಅಚ್ಚಿನ ಸಂಖ್ಯೆಯನ್ನು ತಾನೇ ಬಿಚ್ಚಿ, ಅದು ೩೨ ಮನೆಗಳಲ್ಲಿ ಹಿಡಿಸುತ್ತದೆಯೆ ಎಂದು ನೋಡುತ್ತದೆ. ಹಿಡಿಸಿದರೆ ಹಳೆಯ ಅಚ್ಚಿನಲ್ಲಿ ನಕಲು ಮಾಡಿ ೨೦ರ ಕಂಡಿಯಲ್ಲಿ ಕೊಡುತ್ತದೆ. ಹಿಡಿಸದಿದ್ದರೆ ಕತ್ತರಿಸಿ ತುರುಕುವುದಿಲ್ಲ. “ಸಂಖ್ಯೆ ಮೀರಿತು” ಎಂದು ಪ್ರೋಗ್ರಾಮಿಗೆ ನೇರವಾಗಿ ಹೇಳಿಬಿಡುತ್ತದೆ. ಹಾಕಿದ ಗಡುವು ಎಷ್ಟೆಂದು ಪ್ರೋಗ್ರಾಮು ತಿರುಗಿ ಕೇಳಿದಾಗ ಇದೇ ಕೆಲಸ ಹಿಮ್ಮೊಗವಾಗಿ ನಡೆಯುತ್ತದೆ. ಚಿಕ್ಕದನ್ನು ದೊಡ್ಡದರಲ್ಲಿ ಇಡುವುದಾದ್ದರಿಂದ ಅಲ್ಲಿ ಮೀರುವ ಭಯವಿಲ್ಲ.

ಗಡುವಿಗಿಂತ ತೊಡಕಿನದು ಮುದ್ರೆಯ ವಿಷಯ. ಅಂಚೆಯವರು ಕಾಗದದ ಮೇಲೆ ತಾರೀಖಿನ ಮುದ್ರೆ ಒತ್ತುವಂತೆ, ಸಾಕೆಟ್ಟಿಗೆ ಬಂದ ಪ್ರತಿಯೊಂದು ಪೊಟ್ಟಣವೂ ಎಷ್ಟು ಹೊತ್ತಿಗೆ ಬಂತೆಂದು ತಿರುಳು ಮುದ್ರೆ ಒತ್ತಿಕೊಡುವ ಏರ್ಪಾಡುಂಟು. ಇದು ಅವಧಿಯಲ್ಲ, ಮುಹೂರ್ತ. ೨೦೩೮ರಲ್ಲಿ ನಿಜವಾಗಿ ಕೆಡತಕ್ಕದ್ದು. ಈ ಮುದ್ರೆ ಬರುವುದು ಮುಖ್ಯ ಸಂದೇಶದ ಜೊತೆಗೆ, ಬೇರೊಂದು ಚಿಕ್ಕ ಚೀಲದಲ್ಲಿ. ಚೀಲ ಎಷ್ಟು ದೊಡ್ಡದೆಂದು ಪ್ರೋಗ್ರಾಮು ಮೊದಲೇ ಹೇಳಿರುತ್ತದೆ. ಹಳೆಯ ತಿರುಳು ಹಳೆಯ ಮುದ್ರೆಯನ್ನು ಅದರಲ್ಲಿ ಹಾಕಿದರೆ, ಲೈಬ್ರರಿಯು ಅದನ್ನು ಓದಿ, ಹೊಸ ಅಳತೆಯ ಇನ್ನೊಂದು ಮುದ್ರೆಯನ್ನು ಮಾಡಿ ಅದೇ ಚೀಲಕ್ಕೆ ಸೇರಿಸಬೇಕು. ಜಾಗವಿಲ್ಲದಿದ್ದರೆ? ಆಗ “ಚೀಲ ಸಾಲದೆ ತುಂಡಾಯಿತು” ಎಂಬ ಗುರುತನ್ನು ಹಚ್ಚಬೇಕು. ೨೦೨೧ರ ಆಗಸ್ಟಿನಲ್ಲಿ ಹೊರಬಂದ ಜಿಲಿಬ್‌ಸಿ ೨.೩೪ರಲ್ಲಿ ಈ ಮೂಲೆ ಸರಿಯಾಗಿ ಕೂಡಿಬಂದಿರಲಿಲ್ಲ. ಆಚೆಯ ಯಂತ್ರ ಎಚ್ಚರವಿದೆಯೇ ಎಂದು ಕೂಗಿ ನೋಡುವ ‘ಪಿಂಗ್’ ಎಂಬ ಅತಿ ಸಾಧಾರಣ ಪ್ರೋಗ್ರಾಮು ೩೨ ಬಿಟ್ ಯಂತ್ರಗಳಲ್ಲಿ ಅರ್ಧಕ್ಕೇ ಬಿದ್ದುಹೋದಾಗ ತಪ್ಪು ಹೊರಬಿತ್ತು, ೨೦೨೨ರ ೨.೩೫ರಲ್ಲಿ ತಿದ್ದಿದರು. ದೊಡ್ಡ ಯಂತ್ರಗಳಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಅದು ಕಾಣುವಂತೆಯೇ ಇರಲಿಲ್ಲ.

ಹೊಸ ಅಳತೆಯನ್ನು ಜಾರಿಗೆ ತರುವ ರೀತಿಯಲ್ಲಿ ಎರಡು ಲೈಬ್ರರಿಗಳೂ ಬೇರೆ ಬೇರೆ ದಾರಿ ಹಿಡಿದವು. ಮಸಲ್ ೨೦೨೦ರ ಫೆಬ್ರವರಿಯಲ್ಲಿ ತನ್ನ ೧.೨.೦ರಿಂದ ಎಲ್ಲರಿಗೂ ೬೪ ಎಂದು ಸಾರಿಬಿಟ್ಟಿತು. ಜಿಲಿಬ್‌ಸಿ ಹಾಗೆ ಮಾಡಲಿಲ್ಲ. ಹೊಸದು ಬೇಕೆಂದು ಕೇಳಿ ಕಟ್ಟಿಸಿಕೊಂಡ ಪ್ರೋಗ್ರಾಮಿಗೆ ಹೊಸದು, ಕೇಳದವರಿಗೆ ಹಳೆಯದು. ಅದಕ್ಕೆ ಪುಕ್ಕಲುತನವೆಂದು ಕೆಲವರ ಆಕ್ಷೇಪ. ನನಗೆ ಹಾಗೆ ತೋರುವುದಿಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ಕಟ್ಟಿದ, ಮೂಲಪಾಠವೇ ಕಳೆದುಹೋದ ಪ್ರೋಗ್ರಾಮುಗಳು ಅದನ್ನು ನಂಬಿ ಇನ್ನೂ ಓಡುತ್ತಿವೆ. ಅವುಗಳ ಕಾಲ ಕೆಳಗಿನ ಹಲಗೆಯನ್ನು ಎಳೆಯುವ ಅಧಿಕಾರ ದಲ್ಲಾಳಿಗಿಲ್ಲ. ಆದರೆ ಒಂದೇ ಯಂತ್ರದಲ್ಲಿ ಹಳೆಯ ಅಳತೆಯ ಭಾಗವೂ ಹೊಸ ಅಳತೆಯ ಭಾಗವೂ ಕಾಲವನ್ನು ಕೈಯಿಂದ ಕೈಗೆ ಕೊಟ್ಟುಕೊಂಡರೆ ಮೇಲೆ ಹೇಳಿದ ಸೊನ್ನೆ ಸೊನ್ನೆಯ ಪ್ರಮಾದವೇ ಆಗುತ್ತದೆ. ‘ಡೆಬಿಯನ್’ ಎಂಬ ಪ್ರಸಿದ್ಧ ಲಿನಕ್ಸ್ ಸಂಗ್ರಹದವರು ಈ ಕಾರಣಕ್ಕೆ ೨೦೨೪ರಲ್ಲಿ, ಅಳತೆ ಬದಲಾದ ಲೈಬ್ರರಿಗಳಿಗೆ ಹೆಸರಿನ ಕೊನೆಯಲ್ಲಿ ‘ಟಿ೬೪’ ಎಂಬ ಬಾಲ ಸೇರಿಸಿ, ಹಳೆಯದರೊಡನೆ ಬೆರೆಯದಂತೆ ಮಾಡಿ, ಸಾವಿರಗಟ್ಟಲೆ ಪ್ರೋಗ್ರಾಮುಗಳನ್ನು ಮತ್ತೆ ಕಟ್ಟಿದರು. ೨೦೨೫ರ ಆಗಸ್ಟಿನಲ್ಲಿ ಹೊರಟ ಅವರ ೧೩ನೆಯ ಆವೃತ್ತಿಯಲ್ಲಿ ೩೨ ಬಿಟ್‌ಗಳ ಎಆರ್‌ಎಂ ಯಂತ್ರಗಳಿಗೆ ೬೪ ಮನೆಗಳ ಕಾಲ ಬಂದಿದೆ. ಹಳೆಯ ಇಂಟೆಲ್ ೩೨ ಬಿಟ್ ಬಗೆಯನ್ನು ಮಾತ್ರ ಬೇಕೆಂದೇ ಹಾಗೆಯೇ ಬಿಟ್ಟಿದ್ದಾರೆ. ಅದು ಇಂದು ಉಳಿದಿರುವುದೇ ಹಳೆಯ ಪ್ರೋಗ್ರಾಮುಗಳನ್ನು ಓಡಿಸುವುದಕ್ಕೆ.

ಗೋಡೆಯ ಮೇಲಿನ ಪೆಟ್ಟಿಗೆಯ ಮಾತು ಉಳಿಯಿತು. ತಿರುಳು, ಲೈಬ್ರರಿ, ಪ್ರೋಗ್ರಾಮು ಮೂರೂ ಹೊಸದಾಗಿ ಕಟ್ಟಲ್ಪಟ್ಟು ಅದರೊಳಗೆ ಬರಬೇಕು. ಮೂರರಲ್ಲಿ ಒಂದು ಹಿಂದುಳಿದರೂ ಸಾಲದು. ಅದನ್ನು ಮಾಡಬೇಕಾದವರು ಪೆಟ್ಟಿಗೆಯನ್ನು ತಯಾರಿಸಿದವರು. ಲೈಬ್ರರಿಯನ್ನು ತನ್ನೊಳಗೇ ಬೆಸೆದುಕೊಂಡು ಕಟ್ಟಿದ ಪ್ರೋಗ್ರಾಮುಗಳಲ್ಲಂತೂ ಹೊರಗಿನ ಲೈಬ್ರರಿಯನ್ನು ಬದಲಾಯಿಸಿದರೂ ಒಳಗಿನದು ಹಳೆಯದಾಗಿಯೇ ಇರುತ್ತದೆ. ಪರೀಕ್ಷೆ ಮಾಡುವ ಎಂಜಿನಿಯರುಗಳು ಮನೆಯಲ್ಲಿ ಕೆಲಸದಲ್ಲಿರುವ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಪ್ರಯೋಗಾಲಯದಲ್ಲಿ ಒಂದನ್ನು ಲೋಕದ ಸಂಪರ್ಕವಿಲ್ಲದೆ ಬೇರೆಯಾಗಿಟ್ಟು, ಅದರ ಗಡಿಯಾರವನ್ನು ೨೦೩೮ರ ಜನವರಿ ೧೯ರ ಬೆಳಿಗ್ಗೆಗೆ ಕೆಲವು ನಿಮಿಷ ಮುಂಚೆಯೆಂದು ತಿರುಗಿಸಿ, ೮ ಗಂಟೆ ೪೪ ನಿಮಿಷ ಕಳೆಯುವವರೆಗೆ ಎದುರಿಗೆ ಕುಳಿತಿರುತ್ತಾರೆ.